ಹಂಪ್ ಬಂದಾಗ ಇಳಿಯುವ ಅಧಿಕಾರಿ

ಪತ್ರಿಕೆಗೆ ಹೊಸ ಕಾರುಗಳ ವಿಮರ್ಶೆ ಬರೆಯೋದು ನನ್ನ ಕೆಲಸ. ಒಮ್ಮೆ ಮಳವಳ್ಳಿಯಿಂದ ಹಲಗೂರಿಗೆ ಕಾರು ಓಡಿಸಿ ನೋಡುವಾಗ ಕಂಪನಿಯ ದಢೂತಿ ಅಧಿಕಾರಿಯೊಬ್ಬರು ಪಕ್ಕದಲ್ಲೇ ಕೂತಿದ್ದರು. ಮೊದಲ ಹಂಪಿನಲ್ಲೇ ಕಾರಿನ ತಳ ಕರ್ರೆಂದು ಉಜ್ಜಿತು.

“ಇದನ್ನ ಬರೀಬೇಡಿ ಸಾರ್. ನಿಮ್ಮ ಪತ್ರಿಕೆಗೆ ಜಾಹೀರಾತು ಕೊಡೋರು ನಾವೇ,” ಎಂದರು. ಅಲ್ಲಿಂದಾಚೆ ಹಂಪ್ ಬಂದಾಗೆಲ್ಲ ಅವರು ಇಳಿಯೋದು, ಹಗುರಾದ ಕಾರು ದಾಟಿದ ಮೇಲೆ ಓಡಿಬಂದು ಹತ್ತೋದು.

ಹಲಗೂರಿನ ಹಂಪಿನ ಪಕ್ಕದ ಟೀ ಅಂಗಡಿಯ ಅಜ್ಜಿ ಇದನ್ನು ನೋಡಿ ಕೇಳೇಬಿಟ್ಟಿತು: “ಅಲ್ಲ ಕಣಪ್ಪ, ಈ ಕಾರು ತಕಂಡೋರ್ ಜತೆಗೆಲ್ಲ ನೀನೇ ಓಗಿ ಇಂಗೇ ಇಳೀತೀಯಾ?”

ಅಧಿಕಾರಿ ಒಂದು ಟೀ ತಗೊಂಡು ಊದುತ್ತಾ ನಿಂತರು.

ಆ ಪ್ರಶ್ನೆಯನ್ನೇ ವಿಮರ್ಶೆಯ ತಲೆಬರಹ ಮಾಡಿದೆ. ಸಂಪಾದಕರು ನಕ್ಕು ಹಾಗೇ ಅಚ್ಚು ಹಾಕಿಸಿದರು. ಇವತ್ತಿಗೂ ಕಂಪನಿಯಿಂದ ನಮಗೆ ಜಾಹೀರಾತೂ ಬಂದಿಲ್ಲ, ಅಜ್ಜಿಗೆ ಉತ್ತರವೂ ಬಂದಿಲ್ಲ.