ಗೋಡೆಗೆ ಕೋಟು ಹೊಲಿದವಳು

ಸೇತುವೆ ಕೆಲಸದವರೆಲ್ಲ ಅವಳನ್ನು ಹೊಲಿಗೆ ಅಕ್ಕ ಎನ್ನುತ್ತಿದ್ದರು. ಗಂಡ ಕ್ರೇನ್ ಓಡಿಸುತ್ತಿದ್ದ. ಹನ್ನೊಂದು ವರ್ಷದಿಂದ ಅವರ ಮನೆಯೆಂದರೆ ಜೀಪಿನ ಹಿಂದೆ ಕಟ್ಟಿ ಎಳೆದೊಯ್ಯುವ ಟ್ರೇಲರ್. ಮಂಚ, ಒಲೆ, ಹೊಲಿಗೆ ಯಂತ್ರ ಇಟ್ಟ ಮೇಲೆ ಒಬ್ಬರು ತಿರುಗಬೇಕಾದರೆ ಇನ್ನೊಬ್ಬರು ಕೂರಬೇಕಿತ್ತು. ಮುನಿಸಿಕೊಂಡು ಹೋಗಲು ಇನ್ನೊಂದು ಕೋಣೆ ಇರಲಿಲ್ಲ. ಹಾಗಾಗಿ ಜಗಳ ಕಡಿಮೆ.

ಆ ಸಲದ ಸೇತುವೆ ಬೆಟ್ಟದ ಮೇಲಿತ್ತು. ಬೆಳಿಗ್ಗೆ ಎದ್ದರೆ ಬಕೆಟ್ಟಿನ ನೀರು ಹೆಪ್ಪುಗಟ್ಟಿರುತ್ತಿತ್ತು. ತಗಡಿನ ಗೋಡೆ ಬೆವರಿ ಹಾಸಿಗೆಯೆಲ್ಲ ಒದ್ದೆ. ಅಂಥ ಹೊತ್ತಿನಲ್ಲೇ ಊರಿನಿಂದ ಅತ್ತೆ ಬಂದರು.

ತಾಯಿ ನಡುಗುವುದನ್ನು ನೋಡಲಾರದೆ ಗಂಡ ಸಂಜೆ ಗಾಳಿಕಂಡಿಗಳಿಗೆಲ್ಲ ಚಿಂದಿ ತುರುಕಿ, ಗ್ಯಾಸ್ ಒಲೆ ಹಚ್ಚಿಟ್ಟ. ಒಳಗೆ ಹಿತವಾಯಿತು. ಸ್ವಲ್ಪ ಹೊತ್ತಿಗೆ ಅತ್ತೆ, "ತಲೆ ಸಿಡೀತಿದೆ ಕಣಮ್ಮ," ಎಂದರು. ಗಂಡ ಕೂತಲ್ಲೇ ತೂಗಾಡುತ್ತಿದ್ದ. ಅವಳ ಕೈಯಲ್ಲಿದ್ದ ಸೂಜಿ ಎರಡಾಗಿ ಕಂಡಿತು. ಇಪ್ಪತ್ತು ವರ್ಷದ ಕಸುಬಿನಲ್ಲಿ ಹಾಗೆಂದೂ ಆಗಿರಲಿಲ್ಲ. ತಟ್ಟನೆ ಒಲೆ ಆರಿಸಿ, ಬಾಗಿಲು ಒದ್ದು ತೆಗೆದು, ಇಬ್ಬರನ್ನೂ ರಟ್ಟೆ ಹಿಡಿದು ಹೊರಗೆಳೆದಳು.

ಮೂವರೂ ಮಂಜಿನಲ್ಲಿ ಕೂತು ಉಸಿರೆಳೆದುಕೊಂಡರು.

"ಚಳಿ ಅಂತ ಮಾಡ್ದೆ ಕಣೇ," ಎಂದ ಗಂಡ.

"ಚಳಿಗೆ ನಡುಗ್ತಿದ್ವಿ ಅಷ್ಟೆ ರೀ. ಕಂಡಿ ಮುಚ್ಚಿ ಒಲೆ ಉರಿಸಿ ನೀವು ಬೆಚ್ಚಗೆ ಸಾಯಿಸ್ತಿದ್ರಿ."

"ಅವನು ಚಿಕ್ಕಂದಿನಿಂದ್ಲೂ ಹೀಗೇ," ಎಂದರು ಅತ್ತೆ. "ಮಾಡೋದೆಲ್ಲ ಒಳ್ಳೇ ಮನಸ್ಸಿಂದ."

ಮರುದಿನ ಅವಳು ಉಗ್ರಾಣದವನ ಹತ್ತಿರ ಹೋಗಿ ಕೆಲಸಗಾರರು ಹರಿದು ಬಿಸಾಡಿದ ದಪ್ಪ ಕೋಟುಗಳನ್ನು ಕೇಳಿದಳು.

"ಇಷ್ಟೊಂದು ಯಾರಿಗಕ್ಕಾ?"

"ಗೋಡೆಗೆ."

ಆತ ಎರಡು ಮೂಟೆ ಎತ್ತಿ ಕೊಟ್ಟ.

ಅತ್ತೆ ಹೊಲಿಗೆ ಬಿಚ್ಚಿದರು, ಸೊಸೆ ಜೋಡಿಸಿದಳು. ಆರು ದಿನದಲ್ಲಿ ನಾಲ್ಕು ಗೋಡೆಗೂ ಮೇಲ್ಛಾವಣಿಗೂ ಎರಡು ಪದರದ ಹೊದಿಕೆ ಸಿದ್ಧವಾಯಿತು. ಗಾಳಿಕಂಡಿ ಇದ್ದಲ್ಲಿ ಬಟ್ಟೆ ಕತ್ತರಿಸಿ, ಅಂಗಿಗೆ ಕಾಜ ಹೊಲಿದ ಹಾಗೆ ಅಂಚು ಕಟ್ಟಿದಳು. ಒಲೆ ಅಡುಗೆಗೆ ಮಾತ್ರ. ಮಲಗುವಾಗ ರಬ್ಬರ್ ಚೀಲದಲ್ಲಿ ಬಿಸಿನೀರು. ಕೋಟಿನ ಜೇಬುಗಳು ಗೋಡೆಯ ಮೇಲೆ ಹಾಗೇ ಉಳಿದಿದ್ದವು. ಅತ್ತೆ ಒಂದರಲ್ಲಿ ಕನ್ನಡಕ, ಒಂದರಲ್ಲಿ ಮಾತ್ರೆ ಇಟ್ಟುಕೊಂಡರು. ಗಂಡ ನೋಡಿ, "ಮನೇನೂ ಡ್ಯೂಟಿಗೆ ಹೊರಟಂಗಿದೆ," ಎಂದ.

ಹೊದಿಕೆ ಹಾಕಿದ ರಾತ್ರಿ ಮೂವರೂ ಚಳಿಗೆ ಮುದುಡದೆ ಕಾಲು ಚಾಚಿ ಮಲಗಿದರು.

ಇಂಜಿನಿಯರ್ ಸಾಹೇಬರು ಒಮ್ಮೆ ಒಳಗೆ ಇಣುಕಿದವರು ಒಂದು ಗಂಟೆ ಕೂತರು. ಮಾರನೆಯ ವಾರದಿಂದ ಉಳಿದ ಟ್ರೇಲರ್‌ಗಳ ಅಳತೆಗೆ ಕರೆ ಬಂತು. ಹೊದಿಕೆ ಹಾಕಿಸಿಕೊಂಡವರ ಕೈಯನ್ನು ಅವಳು ಗಾಳಿಕಂಡಿಗೆ ಹಿಡಿಸಿ, "ಗಾಳಿ ತಣ್ಣಗೆ ತಾಗ್ತಿದೆಯಾ?" ಎಂದು ಕೇಳುತ್ತಿದ್ದಳು. ಹೌದು ಎಂದ ಮೇಲೆಯೇ ಅಲ್ಲಿಂದ ಹೊರಡುತ್ತಿದ್ದಳು. ಅಳತೆ ಪಟ್ಟಿ ಹಿಡಿದು ಅತ್ತೆಯೂ ಜೊತೆಗೆ ಹೋಗುತ್ತಿದ್ದರು. ಆ ಚಳಿಗಾಲದಲ್ಲಿ ಅವರು ಊರಿಗೆ ಹೋಗುವ ಮಾತೆತ್ತಲಿಲ್ಲ.