ಶಂಕ್ರಣ್ಣನ ಎರಡು ಸಿಲಿಂಡರು, ನನ್ನ ನಾಲ್ಕು

ಬೈಕಿನ ಚೈನಿಗೆ ಹೊಡೆಯುವ ಎಣ್ಣೆಯ ವಾಸನೆ ಎಂಥದ್ದೆಂದು ನಿಮಗೆ ಹೇಗೆ ಹೇಳಲಿ? ಸೀಮೆಎಣ್ಣೆಗೂ ಹೊಸ ರಬ್ಬರ್ ಚಪ್ಪಲಿಗೂ ನಡುವಿನದು ಅದು. ಇವತ್ತು ಭಾನುವಾರ. ಬೆಳಿಗ್ಗೆ ರೋಣದ ನನ್ನ ಬಾಡಿಗೆ ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಚೈನು ಒರೆಸಿ ಎಣ್ಣೆ ಹೊಡೆದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಶಂಕ್ರಣ್ಣ ಬಂದು ಎದುರಿಗೆ ನಿಂತಂತಾಯಿತು. ಅವರು ಅದನ್ನು ಮದುವೆಗೆ ಹೊರಟವರು ಅತ್ತರು ಹಚ್ಚಿಕೊಂಡಂತೆ ಧಾರಾಳವಾಗಿ ಬಳಸುತ್ತಿದ್ದರು. ಪ್ಯಾಂಟಿನ ಎಡಗಾಲಿನ ತುಂಬ ಸದಾ ಕರಿ ಚುಕ್ಕೆ.

ನಾನು ನರಗುಂದದಲ್ಲಿ ಹುಟ್ಟಿ, ರೋಣದ ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಮದುವೆಯಾಗಲಿಲ್ಲ, ಅದರ ಹಿಂದೆ ದೊಡ್ಡ ಕತೆಯೇನೂ ಇಲ್ಲ, ಮುಂದೂಡುತ್ತ ಮುಂದೂಡುತ್ತ ಹೋಗಿಬಿಟ್ಟಿತು, ಅಷ್ಟೆ. ವಾರದ ದಿನಗಳಲ್ಲಿ ತರಗತಿ, ಗದ್ದಲ. ಭಾನುವಾರ ಮಾತ್ರ ಬೆಳಗಿನಿಂದ ಸಂಜೆಯತನಕ ನನ್ನ ಧ್ವನಿ ನನಗೇ ಕೇಳುತ್ತಿರಲಿಲ್ಲ. ಒಮ್ಮೆ ಸಂಜೆ ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೇಳಲು ಬಾಯಿ ತೆರೆದರೆ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ನಲವತ್ತು ದಾಟಿದ ಮನುಷ್ಯ ಆರುನೂರೈವತ್ತು ಸಿಸಿಯ ಸ್ಪೋರ್ಟ್ಸ್ ಬೈಕು ಯಾಕೆ ಕೊಂಡ ಎಂದು ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಕಾರಣ ಹೇಳಿದ್ದೇನೆ. ಖರೇ ಕಾರಣ ಆ ಭಾನುವಾರ.

ಹಾಗೆ ನೋಡಿದರೆ ಕಾರಣ ಕೇಳಿದವರು ಕಡಿಮೆ. ಎಲ್ಲರೂ ಕೇಳುತ್ತಿದ್ದದ್ದು ಒಂದೇ: "ಸರ್, ಎಷ್ಟ್ ಕೊಡತೈತ್ರಿ?" ಲೀಟರಿಗೆ ಹದಿನೆಂಟು ಕಿಲೋಮೀಟರ್ ಎಂದೊಡನೆ ಅವರ ಮುಖ ಸತ್ತವರ ಮನೆಗೆ ಮಾತಾಡಿಸಲು ಬಂದವರಂತಾಗುತ್ತಿತ್ತು.

ಅದನ್ನು ಕೇಳದ ಮೊದಲ ಮನುಷ್ಯ ಶಂಕ್ರಣ್ಣ. ನರೇಗಲ್ಲಿನ ಪೆಟ್ರೋಲ್ ಬಂಕಿನಲ್ಲಿ ಅವರದೂ ಅಂಥದೇ ಒಂದು ಗಾಡಿ ನಿಂತಿತ್ತು. ಐವತ್ತು ದಾಟಿದ ದಪ್ಪ ಮನುಷ್ಯ, ಗಜೇಂದ್ರಗಡದಲ್ಲಿ ಸೀರೆ ವ್ಯಾಪಾರ. ಹೆಲ್ಮೆಟ್ ತೆಗೆದರೆ ಹಣೆಯ ವಿಭೂತಿ ಅರ್ಧ ಅಳಿಸಿತ್ತು. ನನ್ನ ಎಂಜಿನ್ನಿನ ಕಡೆ ಬಗ್ಗಿ ನೋಡಿ ಕೇಳಿದರು:

"ನಾಲ್ಕ ಸಿಲಿಂಡರ್ ಏನ್ರಿ?"

"ಹೌದ್ರಿ."

"ನಂದು ಎರಡ. ಆದ್ರ ನಿಮ್ಮದಕ್ಕಿಂತ ಲಗೂ ಏಳತೈತಿ."

ಇಲ್ಲಿ ಸ್ವಲ್ಪ ನಿಂತು ವಿವರಿಸಬೇಕು, ಬೇಸರಿಸಬೇಡಿ. ಅಷ್ಟೇ ಅಳತೆಯ ಎಂಜಿನ್ನನ್ನು ನಾಲ್ಕು ಪಾಲು ಮಾಡಿದರೆ ಒಂದೊಂದು ಪಿಸ್ಟನ್ನೂ ಸಣ್ಣದಾಗಿ, ಹಗುರಾಗಿ, ಬಹಳ ವೇಗವಾಗಿ ಮೇಲೆ ಕೆಳಗೆ ಓಡಬಲ್ಲದು. ಆದರೆ ಶಕ್ತಿಯೆಲ್ಲ ಇರುವುದು ಮೇಲೆ. ನಿಮಿಷಕ್ಕೆ ಆರು ಸಾವಿರ ಸುತ್ತಿನ ಕೆಳಗೆ ನನ್ನ ಗಾಡಿ ಸಾಧು ಪ್ರಾಣಿ. ಎಂಟು ಸಾವಿರ ದಾಟಿದರೆ ಸ್ವರ ಏರಿ, ಕೂಗಾಗಿ, ನಿಮ್ಮ ಎದೆಯನ್ನು ಟ್ಯಾಂಕಿನಿಂದ ಎತ್ತಿ ಹಿಂದಕ್ಕೆ ನೂಕುತ್ತದೆ. ಎರಡೇ ಪಾಲು ಮಾಡಿದರೆ ಪಿಸ್ಟನ್ನು ದೊಡ್ಡವು. ಕೆಳಗಿನಿಂದಲೇ ದೂಡುತ್ತವೆ, ಮೇಲೆ ಹೋದಂತೆ ಉಸಿರು ಹಿಡಿಯುತ್ತದೆ. ಗಾಡಿ ಸಪೂರ, ತಿರುವಿನಲ್ಲಿ ಹೇಳಿದ ಕಡೆ ವಾಲುತ್ತದೆ.

ಅವತ್ತೇ ಪರೀಕ್ಷೆ ನಡೆಯಿತು. ನರೇಗಲ್ ದಾಟಿದ ಮೇಲೆ ನೆಟ್ಟಗಿನ ರಸ್ತೆ, ಎರಡೂ ಕಡೆ ಎರೆಹೊಲ, ದೂರದಲ್ಲಿ ಗಾಳಿಯಂತ್ರಗಳು. ಇಬ್ಬರೂ ಆರನೇ ಗೇರಿನಲ್ಲಿ ಅರವತ್ತರ ವೇಗದಲ್ಲಿ ಪಕ್ಕಪಕ್ಕಕ್ಕೆ ಬಂದು, ಅವರು ತಲೆ ಆಡಿಸಿದೊಡನೆ ಆಕ್ಸಿಲರೇಟರ್ ತಿರುವಿದೆವು. ಅವರು ಸರಕ್ಕನೆ ಮುಂದೆ ಹೋದರು. ನನ್ನದು ಯೋಚನೆ ಮಾಡುತ್ತ ಉಳಿಯಿತು. ಆಮೇಲೆ ಮುಳ್ಳು ಎಂಟು ಸಾವಿರ ಮುಟ್ಟಿತು. ನಾನು ಅವರನ್ನು ದಾಟಿದಾಗ ಅವರು ಹೆಲ್ಮೆಟ್ಟಿನೊಳಗೆ ನಗುತ್ತಿದ್ದರು. ಗೆದ್ದವರು ಯಾರು ಎಂಬುದು ಇತ್ಯರ್ಥವಾಗಲಿಲ್ಲ. ಅದಕ್ಕೇ ಮುಂದಿನ ಭಾನುವಾರ ಮತ್ತೆ ಸೇರಿದೆವು. ಅದರ ಮುಂದಿನದೂ.

"ನಿಮ್ಮದು ಹಾಡತೈತ್ರಿ ಮಾಸ್ತರ, ನಂದು ದುಡಿತೈತಿ," ಎನ್ನುತ್ತಿದ್ದರು ಚಹಾದಂಗಡಿಯಲ್ಲಿ ಮಿರ್ಚಿ ಭಜಿ ಮುರಿಯುತ್ತ. ಮನೆ, ಮಕ್ಕಳು, ವ್ಯಾಪಾರ ಯಾವುದರ ಮಾತೂ ಇರುತ್ತಿರಲಿಲ್ಲ. ಗೇರು ಒಮ್ಮೆಲೇ ಇಳಿಸಿದಾಗ ಹಿಂದಿನ ಗಾಲಿ ಕುಣಿಯದಂತೆ ಜಾರಿಕೊಡುವ ಕ್ಲಚ್ಚಿನ ಬಗ್ಗೆ ಒಂದು ಇಡೀ ಬೆಳಿಗ್ಗೆ ಜಗಳಾಡಿದ್ದೇವೆ. ನನ್ನ ಬದುಕಿನಲ್ಲಿ ಅಷ್ಟು ಮಾತಾಡಿದ ಕಾಲ ಇನ್ನೊಂದಿಲ್ಲ.

ಒಂದು ಭಾನುವಾರ ಅವರ ಹಿಂದೆ ಹೋಗುತ್ತಿದ್ದೆ. ರಸ್ತೆ ಖಾಲಿ, ಮುಂದೆ ಒಂದು ಆಡೂ ಇಲ್ಲ. ಆದರೂ ಅವರ ಬ್ರೇಕಿನ ಕೆಂಪು ದೀಪ ಮಿಣಮಿಣ ಹೊತ್ತಿ ಆರುತ್ತಿತ್ತು. ಅವರು ಬ್ರೇಕ್ ಹಿಡಿಯುತ್ತಿರಲಿಲ್ಲ. ಹಿಡಿಕೆಯ ಮೇಲಿಟ್ಟ ಬೆರಳು ನಡುಗುತ್ತಿತ್ತು.

ಚಹಾದ ಹೊತ್ತಿಗೆ ಅವರು ಬಲಗೈಯನ್ನು ಜಾಕೆಟ್ಟಿನ ಕಿಸೆಯಲ್ಲೇ ಇಟ್ಟುಕೊಂಡರು. ಎಡಗೈಯಲ್ಲೇ ಲೋಟ ಎತ್ತಿದರು. ಮತ್ತೆ ಕೆಲವು ವಾರಗಳಲ್ಲಿ ಗಜೇಂದ್ರಗಡದ ಗುಡ್ಡದ ತಿರುವಿನಲ್ಲಿ ಗಾಡಿ ವಾಲಿಸಿದ್ದಾಗ ಕೈ ನಡುಗಿ ಆಕ್ಸಿಲರೇಟರ್ ಹೆಚ್ಚಿತು. ಗಾಡಿ ಹೊರಗೆ ಎಳೆದು, ಗರಸಿನ ಹರಳಿನ ಮೇಲೆ ಜಾರಿ, ಅವರು ಬಿದ್ದರು. ಮೊಳಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. "ಗರಸ ಇತ್ತು," ಎಂದರು. ಗರಸು ಇದ್ದದ್ದು ರಸ್ತೆಯ ಆಚೆಗೆ.

ಅವರನ್ನು ಮನೆಗೆ ಮುಟ್ಟಿಸಿದಾಗ ಅವರ ಹೆಂಡತಿ ಗಂಗಮ್ಮ ವೈನಿ ನನ್ನನ್ನು ಬಾಗಿಲ ಹೊರಗೆ ಕರೆದರು.

"ಹುಬ್ಬಳ್ಳಿ ಡಾಕ್ಟರ್ ನರದ ಬ್ಯಾನಿ ಅಂದಾರ್ರಿ. ವಾಸಿ ಆಗೂದಲ್ಲಂತ. ಗಾಡಿ ಬಿಡ್ರಿ ಅಂದ್ರ ನಮ್ಮ ಮಾತು ಕೇಳವಲ್ರು. ನೀವು ಹೇಳ್ರಿ ಮಾಸ್ತರ, ನಿಮ್ಮ ಮಾತು ಕೇಳ್ತಾರ."

ರೋಣಕ್ಕೆ ವಾಪಸು ಬರುವಾಗ ನಾನು ಐವತ್ತರ ಮೇಲೆ ಹೋಗಲಿಲ್ಲ. ಹೇಳಿದರೆ ಅವರ ಜೀವ ಉಳಿಯಬಹುದು, ನನ್ನ ಭಾನುವಾರ ಹೋಗುತ್ತದೆ. ಲೆಕ್ಕ ಕಷ್ಟದ್ದೇನಲ್ಲ.

ಮರುದಿನ ರಜೆ ಹಾಕಿ ಅವರ ಅಂಗಡಿಗೆ ಹೋಗಿ ಹೇಳಿದೆ. ಅವರು ಸೀರೆ ಮಡಚುತ್ತಿದ್ದರು. ಕೈ ನಡುಗಿ ಅಂಚು ಕೂಡುತ್ತಿರಲಿಲ್ಲ. ಸೀರೆಯನ್ನು ಪಕ್ಕಕ್ಕಿಟ್ಟರು.

"ನೀವರೆ ನನ್ನ ಗೆಳೆಯಾ ಅಂತ ತಿಳಿದಿದ್ದೆ ಮಾಸ್ತರ. ನೀವೂ ಮನಿಯವರ ಪೈಕಿನ ಆದ್ರಿ."

ಗಾಡಿ ಮಾರಿದರು. ನನ್ನ ಫೋನು ಎತ್ತಲಿಲ್ಲ. ಚಿಕಿತ್ಸೆಗೆಂದು ಬೆಳಗಾವಿಯ ಮಗಳ ಮನೆಗೆ ಹೋದರೆಂದು ವೈನಿಯಿಂದ ತಿಳಿಯಿತು. ನಾನು ಗಜೇಂದ್ರಗಡದ ದಿಕ್ಕು ಬಿಟ್ಟು ಯಾವಗಲ್ ಕಡೆ ಹೋಗತೊಡಗಿದೆ. ಟ್ರ್ಯಾಕ್ಟರುಗಳ ಹಿಂದೆ ಹಿಂದೆ. ಎಂಟು ಸಾವಿರ ದಾಟಿಸಿದರೂ ಅದು ಬರೀ ಸದ್ದು ಎನಿಸುತ್ತಿತ್ತು. ಅದು ಹಾಡು ಎಂದು ಹೇಳಲು ಯಾರಾದರೂ ಬೇಕಲ್ಲ.

ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. ಸ್ವರ ಸಣ್ಣಗಾಗಿತ್ತು, ಗುರುತು ಹತ್ತಲು ಹೊತ್ತು ಹಿಡಿಯಿತು.

"ಮಾಸ್ತರ, ಗಾಡಿ ಐತೇನ್ರಿ ಇನ್ನಾ?"

"ಐತ್ರಿ ಶಂಕ್ರಣ್ಣಾ."

"ಚಾಲೂ ಮಾಡ್ರಿ. ಫೋನ್ ಹಂಗ ಹಿಡೀರಿ. ಇಲ್ಲೆ ಗಾಡಿ ಭಾಳ ಅದಾವ, ಎಲ್ಲಾ ಬರೇ ಫಟಫಟ."

ಬಾಗಿಲ ಮುಂದೆ ನಿಂತು ಫೋನನ್ನು ಎಂಜಿನ್ನಿಗೆ ಹಿಡಿದು ಆಕ್ಸಿಲರೇಟರ್ ತಿರುವಿದೆ. ಎದುರು ಮನೆಯವರು ಹೊರಬಂದು ನೋಡಿದರು. "ಚೈನ್ ಸಡಲೈತ್ರಿ," ಎಂದರು ಶಂಕ್ರಣ್ಣ. ಸಡಿಲಾಗಿರಲಿಲ್ಲ. ನಾನು "ಹೌದ್ರಿ" ಎಂದೆ.

ಮುಂದಿನ ವಾರ ಹೆಲ್ಮೆಟ್ಟಿನೊಳಗೆ ಕೂರಿಸುವ ಫೋನಿನ ಯಂತ್ರ ತಂದೆ. ಅಂದಿನಿಂದ ಪ್ರತಿ ಭಾನುವಾರ ಅವರು ಬೆಳಗಾವಿಯ ಬಾಲ್ಕನಿಯಲ್ಲಿ, ನಾನು ರೋಣದ ರಸ್ತೆಯಲ್ಲಿ. ವೇಗ ಹೆಚ್ಚಿದರೆ ಗಾಳಿ ಸದ್ದನ್ನು ನುಂಗಿಬಿಡುತ್ತದೆ. ಹಾಗಾಗಿ ಎರಡನೇ ಗೇರಿನಲ್ಲೇ ಎಂಟು ಸಾವಿರಕ್ಕೆ ಏರಿಸುತ್ತೇನೆ. ವೇಗ ಎಂಬತ್ತರ ಆಚೀಚೆ, ಸ್ವರ ಪೂರ್ತಿ. ಪೆಟ್ರೋಲು ನೀರಿನಂತೆ ಹೋಗುತ್ತದೆ. ನಡುನಡುವೆ ಅವರು "ಕಡಲಿ ಹ್ಯಾಂಗ ಬಂದೈತಿ?" ಎಂದು ಕೇಳುತ್ತಾರೆ, ನಾನು ಹೊಲ ನೋಡಿ ಹೇಳುತ್ತೇನೆ. ಇದರಿಂದಾಗಿ, ಇತಿಹಾಸದ ಮಾಸ್ತರನಿಗೆ ಕಡಲೆಗೂ ಕುಸುಬೆಗೂ ಇರುವ ವ್ಯತ್ಯಾಸ ಗೊತ್ತಾಗಿದೆ.

ಈಚೆಗೆ ಅವರ ಮಾತು ಬಹಳ ಕಡಿಮೆ. ಬ್ಯಾನಿ ಸ್ವರಕ್ಕೂ ಇಳಿದಿದೆ ಎಂದು ವೈನಿ ಹೇಳಿದ್ದಾರೆ. ಇವತ್ತು ಮುಶಿಗೇರಿಯ ದಾರಿಯಲ್ಲಿ ಹೊರಟವನು ಎರಡು ಸಲ ಏರಿಸಿ ಇಳಿಸಿದೆ, ಆ ಕಡೆಯಿಂದ ಏನೂ ಇಲ್ಲ. ಮೂರನೆಯ ಸಲ ಏರಿಸಲು ಧೈರ್ಯವಾಗಲಿಲ್ಲ. ರಸ್ತೆಯ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದೆ. ಜೋಳದ ಹೊಲದಲ್ಲಿ ಗಾಳಿ.

"ಶಂಕ್ರಣ್ಣಾ, ಅದೀರಿಲ್ಲ?"

ಕಾದೆ. ಉಸಿರಿನ ಸದ್ದು, ಅದರೊಳಗಿನಿಂದ ಒಂದು ಎಳೆಯಷ್ಟು ಮಾತು.

"ಅದೀನಿ. ಯಾಕ್ ನಿಂತ್ರಿ? ನಡೀರಿ."