ಡಾರ್ಕಸ್ ಬರೆದ ಕಿಟಕಿ

ಥೇಮ್ಸ್ ದಂಡೆಯ ಆ ಅರಮನೆಗೆ ಎಡಬಲ ಸಮ ಇರಬೇಕು, ಅದೇ ಅದರ ಪ್ರಾಣ. ನಡುವೆ ಕಂಬಗಳ ಮುಖಮಂಟಪ. ಎಡಕ್ಕೆ ಆರು ಕಿಟಕಿಯಾದರೆ ಬಲಕ್ಕೂ ಆರೇ. ಬಲಗಡೆಯ ಕೊನೆಯ ಕಿಟಕಿ ಇರಬೇಕಾದಲ್ಲಿ ಮಾತ್ರ ಗೋಡೆಯೊಳಗೆ ಹೊಗೆಗೂಡು ಹಾದುಹೋಗಿತ್ತು. ಹಾಗಂತ ಐದಕ್ಕೇ ಬಿಡುವುದುಂಟೆ? ಗೋಡೆಯ ಮೇಲೆ ಕಿಟಕಿ ಬರೆದುಬಿಟ್ಟರು! ಬಿಸಿಲು ಮಳೆಗೆ ಮಾಸುವ ಅದನ್ನು ಮೂರು ವರ್ಷಕ್ಕೊಮ್ಮೆ ಬರೆಯುತ್ತಿದ್ದವನು ವಾಲ್ಟರ್ ಪಿಮ್. ಇಪ್ಪತ್ತಾರು ವರ್ಷ ಕೆಳಗೆ ನಿಂತು ಏಣಿ ಹಿಡಿದು, ಬಣ್ಣ ಕಲಸಿ ಕೊಟ್ಟವಳು ಹೆಂಡತಿ ಡಾರ್ಕಸ್. ಅವನು ತೀರಿಕೊಂಡ ಮೇಲೆ ಆ ಕೆಲಸ ತನಗೇ ಬೇಕೆಂದಳು.

ಅರಮನೆಯ ಮೇಲ್ವಿಚಾರಕ ಗ್ಯಾಸ್ಕಿನ್‌ಗೆ ನಗು ತಡೆಯಲಾಗಲಿಲ್ಲ. ಹೆಂಗಸು ಏಣಿ ಹತ್ತುವುದೆ? ಕೊನೆಗೆ ಒಂದು ಕರಾರು ಹಾಕಿದ. ಜೂನ್‌ನಲ್ಲಿ ರಾಜನ ತಾಯಿ ಬರುತ್ತಾರೆ. ನೋಡಿದ ಕೂಡಲೇ ಅವರಿಗೆ ಸುಳ್ಳು ಕಿಟಕಿಯೆಂದು ಗೊತ್ತಾದರೆ ಕೆಲಸ ಲಂಡನ್ನಿನ ಬಣ್ಣದವನಿಗೆ.

ಬರೆದಳು ನೋಡಿ ಡಾರ್ಕಸ್! ಕಪ್ಪು ಗಾಜು, ಅದರಲ್ಲಿ ತೇಲುವ ಮೋಡ, ಅರ್ಧ ಇಳಿದ ಪರದೆ. ಬೇಸಿಗೆಯಲ್ಲಿ ಕಿಟಕಿಗಳ ಗಾಜಿನ ಚೌಕಟ್ಟನ್ನು ಗೇಣುದ್ದ ಮೇಲೆತ್ತಿ ಇಡುತ್ತಾರಲ್ಲ, ಇದನ್ನೂ ಗೇಣುದ್ದ ತೆರೆದಂತೆಯೇ ಬರೆದಳು. ಅವಳ ಗಂಡನಿಗೂ ಅಂಥ ಧೈರ್ಯ ಬಂದಿರಲಿಲ್ಲ.

ರಾಜಮಾತೆ ಹುಲ್ಲುಹಾಸಿನ ಮೇಲೆ ಚಹಾಕ್ಕೆ ಕೂತಾಗಲೇ ಮೋಡ ಕವಿಯಬೇಕೆ! ಕೆಲಸದವರು ಓಡಿ ಓಡಿ ಕಿಟಕಿಗಳನ್ನೆಲ್ಲ ಮುಚ್ಚಿದರು. ತೆರೆದು ಉಳಿದದ್ದು ಒಂದೇ, ಡಾರ್ಕಸ್‌ಳದು. ಅವಳು ಬೇಲಿಯ ಹಿಂದೆ ನಿಂತು ನೋಡುತ್ತಿದ್ದಳು. ಕೆಟ್ಟೆ, ಇನ್ನು ಲಂಡನ್ನಿನವನೇ ಗತಿ ಅಂದುಕೊಂಡಳು. ಗ್ಯಾಸ್ಕಿನ್ ಅವಳನ್ನು ನುಂಗುವ ಹಾಗೆ ನೋಡಿದ.

ರಾಜಮಾತೆ ನೇರ ಅದರತ್ತಲೇ ಕೈ ತೋರಿಸಿದರು.

“ಅದೊಂದು ಮರೆತಿದೀರಲ್ರೀ. ಮಳೆ ಒಳಗೆ ಹೊಡೆಯುತ್ತೆ, ಯಾರಾದ್ರೂ ಹೋಗಿ ಮುಚ್ಚಿ.”

ಹೊಸದಾಗಿ ಸೇರಿದ್ದ ಪರಿಚಾರಕನೊಬ್ಬ ಒಳಗೆ ಓಡಿದ. ಎಷ್ಟು ಹೊತ್ತಾದರೂ ಕಿಟಕಿ ಮುಚ್ಚಲಿಲ್ಲ. ಹನಿ ಬೀಳತೊಡಗಿತು. ಆಮೇಲೆ ಅದರ ಪಕ್ಕದ ಕಿಟಕಿಯಿಂದ ಅವನ ತಲೆ ಹೊರಬಂತು. ಕೈ ಚಾಚಿ ಗೋಡೆ ಸವರಿದ, ಮತ್ತೆ ಸವರಿದ.

“ಇಲ್ಲಿ ಕಿಟಕಿನೇ ಇಲ್ಲ ತಾಯಿ, ಬರೀ ಬಣ್ಣ!”

ರಾಜಮಾತೆ ಬಟ್ಟಲಿನ ಚಹಾ ಚೆಲ್ಲುವಷ್ಟು ನಕ್ಕರು. ಇದು ಯಾರ ಕೈಕೆಲಸ ಎಂದು ಕೇಳಿದರು. ಗ್ಯಾಸ್ಕಿನ್ ಗಂಟಲು ಸರಿಮಾಡಿಕೊಂಡು, ನಮ್ಮ ಅರಮನೆಯ ಬಣ್ಣದವರದು, ಡಾರ್ಕಸ್ ಪಿಮ್ ಅಂತ, ಎಂದ. ಡಾರ್ಕಸ್‌ಗೆ ಕುಣಿಯಬೇಕೆನ್ನಿಸಿತು, ಬೇಲಿಯ ಕೊಂಬೆ ಹಿಡಿದು ತಡೆದುಕೊಂಡಳು.

ಎಲ್ಲರೂ ಒಳಗೆ ಹೋದ ಮೇಲೆ ಗ್ಯಾಸ್ಕಿನ್ ಅವಳ ಹತ್ತಿರ ಬಂದು, ನಾಳೆಯೇ ಆ ಕಿಟಕಿಯನ್ನು ಮುಚ್ಚಿದ ಹಾಗೆ ಬರೆದುಬಿಡು ಎಂದ.

“ಬೇಸಿಗೆ ಮುಗೀಲಿ ಸ್ವಾಮಿ,” ಎಂದಳು ಡಾರ್ಕಸ್, “ಮುಚ್ತೀನಿ.”